ಬದುಕಿ ಉಳಿದವಳ ಶಾಸನ

ನಮ್ಮ ಗದಗ ಸೀಮೆಯಲ್ಲಿ ಎಲ್ಲೇ ಸನ್ಮಾನ ಇದ್ದರೂ ಮೊದಲ ಫೋನು ನನಗೆ. ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರಿಕೆ ಮಾಡಿ ನಿವೃತ್ತನಾದ ಮೇಲೆ ಬಿನ್ನವತ್ತಳೆ ಬರೆದುಕೊಡುವುದು ನನ್ನ ಪಾಲಿನ ಊರಗೆಲಸವಾಗಿದೆ. ಮಹಿಳಾ ದಿನಾಚರಣೆ ಹತ್ತಿರ ಬಂದರಂತೂ ಪುರುಸೊತ್ತಿಲ್ಲ. ಕೇಳುವವರ ಬಳಿ ಹೆಸರಿರುತ್ತದೆ, ಫೋಟೊ ಇರುತ್ತದೆ. ಆಕೆ ಏನು ಮಾಡಿದ್ದಾಳೆಂದು ಕೇಳಿದರೆ, "ನೀವ ಛಲೋತ್ನಂಗ ಬರೀರಿ ಸರ, ನಿಮಗ ಗೊತ್ತಿಲ್ಲೇನು" ಅನ್ನುತ್ತಾರೆ. ಹಾಗೆ ನಾನು ಬರೆದ ಕರುಣಾಮಯಿಯರು, ತ್ಯಾಗಮೂರ್ತಿಗಳು, ಧೀರೆಯರು ಕಟ್ಟು ಹಾಕಿಸಿಕೊಂಡು ಎಷ್ಟೋ ಮನೆಗಳ ಗೋಡೆ ಮೇಲೆ ಕೂತಿದ್ದಾರೆ. ಒಬ್ಬರ ಹೆಸರು ತೆಗೆದು ಇನ್ನೊಬ್ಬರದು ಹಾಕಿದರೂ ನಡೆಯುತ್ತದೆ.

ಹೆಣ್ಣನ್ನು ಕೊಂಡಾಡಿ ಬರೆದಿಡುವ ರೂಢಿ ಈ ನೆಲಕ್ಕೆ ಹೊಸದಲ್ಲ. ಹಳೆಯ ಊರುಗಳ ಹೊರಗೆ, ಹೊಲದ ಬದುವಿನ ಮೇಲೆ, ಹನುಮಪ್ಪನ ಗುಡಿಯ ಹಿಂದೆ ಮಾಸ್ತಿಕಲ್ಲು ನೋಡದವರು ಕಡಿಮೆ. ಒಂದು ಕಂಬ, ಕಂಬದಿಂದ ಚಾಚಿದ ಬಲಗೈ, ಮೊಣಕೈ ಮಡಿಚಿ ಮೇಲೆತ್ತಿದ ಹಸ್ತ, ಕೈತುಂಬ ಬಳೆ, ಬೆರಳ ಸಂದಿನಲ್ಲಿ ನಿಂಬೆಹಣ್ಣು. ಗಂಡನ ಚಿತೆ ಏರಿದವಳು ಮುತ್ತೈದೆಯಾಗಿಯೇ ಹೋದಳೆಂದು ಹೇಳಲಿಕ್ಕೆ ಬಳೆಗಳನ್ನು ಒಂದೊಂದಾಗಿ ಬಿಡಿಸಿ ಕೊರೆದಿದ್ದಾರೆ. ಎಷ್ಟೋ ಕಲ್ಲಿನಲ್ಲಿ ಆಕೆಯ ಹೆಸರೇ ಇಲ್ಲ. ಬಳೆಗೆ ಕೊಟ್ಟಷ್ಟು ಉಳಿಪೆಟ್ಟನ್ನು ಹೆಸರಿಗೆ ಕೊಡಲಿಲ್ಲ. ಜನ ಇವತ್ತಿಗೂ ಅರಿಶಿನ ಕುಂಕುಮ ಹಚ್ಚಿ ಕೈಮುಗಿಯುತ್ತಾರೆ. ನನಗೆ ಅದನ್ನು ಗೌರವ ಅನ್ನಲು ಬಾಯಿ ಬರುವುದಿಲ್ಲ.

ಬೇರೆ ತರದ ಕಲ್ಲುಗಳೂ ಇವೆ, ಕಡಿಮೆ. ಶ್ರವಣಬೆಳಗೊಳದ ಒಂದು ವೀರಗಲ್ಲಿನಲ್ಲಿ ಸಾವಿಯಬ್ಬೆ ಕುದುರೆ ಏರಿ, ಕತ್ತಿ ಎತ್ತಿ, ಆನೆಯ ಮೇಲಿನ ವೈರಿಗೆ ಎದುರಾಗಿ ನಿಂತಿದ್ದಾಳೆ. ಗಂಡ ಲೋಕವಿದ್ಯಾಧರನ ಜೊತೆ ಬಗೆಯೂರಿನ ಕಾಳಗಕ್ಕೆ ಹೋಗಿ ಅಲ್ಲೇ ಮಡಿದವಳು. ಶಿಕಾರಿಪುರದ ಬಂದಳಿಕೆಯ ಶಾಸನದ ಜಕ್ಕಿಯಬ್ಬೆ 10ನೇ ಶತಮಾನದ ಆರಂಭದಲ್ಲಿ, ರಾಷ್ಟ್ರಕೂಟರ ಕಾಲದಲ್ಲಿ, ಗಂಡ ತೀರಿದ ಮೇಲೆ ನಾಗರಖಂಡ 70 ಎಂಬ ನಾಡಿನ ನಾಳ್ಗಾವುಂಡಿಕೆ ವಹಿಸಿಕೊಂಡು ಆಡಳಿತ ನಡೆಸಿದಳು. ರೋಗ ಬಂದು ಮೈ ಸೋತಾಗ ಆಸ್ತಿಯನ್ನು ಮಗಳ ಕೈಗೆ ಒಪ್ಪಿಸಿ, ಉಪವಾಸದಿಂದ ದೇಹ ಬಿಡುವ ಜೈನರ ಸಲ್ಲೇಖನ ವ್ರತ ಹಿಡಿದಳು. ಮಗಳಿಗೆ ಒಪ್ಪಿಸಿದಳು ಎಂಬುದನ್ನೂ ಬಿಡದೆ ಕೆತ್ತಿದ್ದಾರೆ.

ಆದರೆ ನಾನು ಹೇಳಬೇಕೆಂದಿರುವುದು ಗದಗಿನಿಂದ ಹನ್ನೆರಡು ಕಿಲೋಮೀಟರ್ ದೂರದ ಲಕ್ಕುಂಡಿಯ ಮಾತು. ಊರ ಬ್ರಹ್ಮ ಜಿನಾಲಯವನ್ನು ಬಳಪದ ಕಲ್ಲಿನಲ್ಲಿ ಕಟ್ಟಿಸಿದವಳು ಅತ್ತಿಮಬ್ಬೆ. ಶಾಸನ 1007ರದು, ಚಾಲುಕ್ಯ ಇರಿವಬೆಡಂಗ ಸತ್ಯಾಶ್ರಯನ ಕಾಲದ್ದು.

ಅತ್ತಿಮಬ್ಬೆ ದಂಡನಾಯಕ ಮಲ್ಲಪಯ್ಯನ ಮಗಳು. ಮಂತ್ರಿ ಧಲ್ಲಪನ ಮಗ ನಾಗದೇವನಿಗೆ ಆಕೆಯನ್ನೂ ತಂಗಿ ಗುಂಡಮಬ್ಬೆಯನ್ನೂ ಕೊಟ್ಟಿದ್ದರು. ನಾಗದೇವ ಮಡಿದಾಗ ತಂಗಿ ಸಹಗಮನ ಮಾಡಿದಳು. ಅಕ್ಕ ಮಾಡಲಿಲ್ಲ. ಮಗ ಅಣ್ಣಿಗದೇವ, ಮುಂದೆ ಪಡೆವಳ ತೈಲ ಅನಿಸಿಕೊಂಡವನು, ಇನ್ನೂ ಬೆಳೆಯಬೇಕಿತ್ತು. ಒಂದೇ ಮನೆ, ಒಬ್ಬನೇ ಗಂಡ, ಒಂದೇ ಸಾವು. ಆ ಕಾಲದ ಜನರ ಲೆಕ್ಕದಲ್ಲಿ ಧೈರ್ಯ ಯಾರದಿತ್ತು ಎಂದು ಕೇಳಿದರೆ ಹೆಚ್ಚಿನವರು ಗುಂಡಮಬ್ಬೆಯ ಹೆಸರೇ ಹೇಳುತ್ತಿದ್ದರೇನೋ. ಆದರೂ ಬದುಕಿ ಉಳಿದವಳಿಗೆ ಒಂದು ದೊಡ್ಡ ಶಾಸನ ಬಂತು, ಒಂದು ಕಾವ್ಯ ಬಂತು. ಬಳೆ ತುಂಬಿದ ಕೈ ಕೆತ್ತುವುದನ್ನೇ ರೂಢಿ ಮಾಡಿಕೊಂಡಿದ್ದ ನಾಡಿನಲ್ಲಿ ಇದು ಸಣ್ಣ ಸಂಗತಿಯಲ್ಲ.

ಆಕೆ ಮಾಡಿದ ಕೆಲಸಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಪ್ರತಿಗಳ ಸಂಗತಿ. ಪೊನ್ನ ಕವಿ ಶಾಂತಿಪುರಾಣ ಬರೆದದ್ದು ಮಲ್ಲಪಯ್ಯ ಮತ್ತು ಅವನ ತಮ್ಮ ಬರೆಸಿದ್ದಕ್ಕೆ. ಪೊನ್ನನಿಗೆ ಬಿರುದು ಕೊಟ್ಟು ಆಶ್ರಯವಾಗಿದ್ದ ರಾಷ್ಟ್ರಕೂಟರು 973ರ ಹೊತ್ತಿಗೆ ಇಲ್ಲವಾದರು. ಅರಮನೆ ಹೋದರೆ ಓಲೆಗರಿ ಎಷ್ಟು ದಿನ ಉಳಿದೀತು? ಅತ್ತಿಮಬ್ಬೆ ಆ ಪುರಾಣಕ್ಕೆ 1,000 ಪ್ರತಿ ಮಾಡಿಸಿ ಹಂಚಿದಳು. ಅಚ್ಚು ಬರುವುದಕ್ಕೆ ಎಷ್ಟೋ ಶತಮಾನ ಮೊದಲು.

ಸಾವಿರ ಅನ್ನುವುದು ಬಾಯಿಮಾತಿನಲ್ಲಿ ಸಲೀಸು. ತಾಳೆಗರಿ ಕೊಯ್ದು ತಂದು, ದಿಂಡು ಬಿಡಿಸಿ, ಕುದಿಸಿ, ನೆರಳಲ್ಲಿ ಒಣಗಿಸಿ, ನುಣುಪಾಗುವ ತನಕ ತಿಕ್ಕಬೇಕು. ಒಂದೇ ಅಳತೆಗೆ ಕತ್ತರಿಸಿ ದಾರ ಪೋಣಿಸಲು ತೂತು ಕೊರೆಯಬೇಕು. ಆಮೇಲೆ ಲಿಪಿಕಾರ ಕೂತು ಕಂಠವೆಂಬ ಚೂಪು ಲೇಖನಿಯಿಂದ ಅಕ್ಷರ ಗೀರುತ್ತಾನೆ. ಕೈ ಬಿಗಿಯಾದರೆ ಗರಿ ಸೀಳುತ್ತದೆ, ಸಡಿಲಾದರೆ ಅಕ್ಷರ ಮೂಡುವುದಿಲ್ಲ. ಬರೆದಾದ ಮೇಲೆ ಕಾಡಿಗೆ ಬಳಿದು ಒರೆಸಿದರೆ ಗೀರಿನಲ್ಲಿ ಮಾತ್ರ ಕಪ್ಪು ನಿಲ್ಲುತ್ತದೆ, ಆಗಷ್ಟೇ ಓದಲು ಬರುವುದು. ಶಾಂತಿಪುರಾಣದಲ್ಲಿ 12 ಆಶ್ವಾಸ. ಅದಷ್ಟೂ ಸಾವಿರ ಸಲ ಆಗಬೇಕು. ಅಷ್ಟು ಲಿಪಿಕಾರರ ಕೂಲಿ, ಊಟ, ದೀಪದೆಣ್ಣೆ ಎಲ್ಲ ಯಾರ ಖರ್ಚಿನಲ್ಲಿ ನಡೆಯಿತೋ ಆಕೆಯನ್ನು ದಾನಚಿಂತಾಮಣಿ ಅಂದರು. ಇದರ ಜೊತೆಗೆ ಚಿನ್ನ ಮತ್ತು ರತ್ನದ 1,500 ಜಿನಬಿಂಬ ಮಾಡಿಸಿ ಕೊಟ್ಟಳು. ಬಿಂಬ ಕೊಟ್ಟವರು ಇತಿಹಾಸದಲ್ಲಿ ಬೇಕಾದಷ್ಟು ಜನ ಇದ್ದಾರೆ. ಪುಸ್ತಕ ಹೀಗೆ ಕೊಟ್ಟವರನ್ನು ಇನ್ನೂ ಹುಡುಕಬೇಕು.

ಶಾಸನದಲ್ಲಿ ಪವಾಡಗಳಿಗೂ ಬರವಿಲ್ಲ. ಉಕ್ಕಿದ ಗೋದಾವರಿ ಆಕೆಗಾಗಿ ನಿಂತಿತು. ಗೊಮ್ಮಟನ ದರ್ಶನಕ್ಕೆ ಬೆಟ್ಟ ಹತ್ತಿದಾಗ ಅಕಾಲದಲ್ಲಿ ಮಳೆ ಬಂದು ದಣಿವಾರಿಸಿತು. ನರ್ಮದೆಯಲ್ಲಿ ಬಿದ್ದ ಜಿನಬಿಂಬ ಮತ್ತೆ ಕೈಸೇರಿತು. ಬಿನ್ನವತ್ತಳೆ ಬರೆಯುವವನಾಗಿ ಇದನ್ನು ಬೇಗ ಕ್ಷಮಿಸುತ್ತೇನೆ. ಹೊಗಳಿಕೆಗೆ ಕೂತ ಕೈ ಎಲ್ಲೋ ಒಂದು ಕಡೆ ಜಾರುತ್ತದೆ. ಆದರೆ ಆ ಶಾಸನದ ಕವಿ ಜಾರುವ ಮೊದಲು ಆಕೆ ಮಾಡಿದ್ದನ್ನು ಎಣಿಸಿದ್ದ, ನಾನು ಎಣಿಸುವುದಿಲ್ಲ.

1990ರ ದಶಕದಲ್ಲಿ ಕರ್ನಾಟಕ ಸರ್ಕಾರ ಲೇಖಕಿಯರಿಗೆಂದು ದಾನಚಿಂತಾಮಣಿ ಅತ್ತಿಮಬ್ಬೆ ಪ್ರಶಸ್ತಿ ಆರಂಭಿಸಿತು. ಪುಸ್ತಕ ಉಳಿಸಿದವಳ ಹೆಸರಿನಲ್ಲಿ ಪುಸ್ತಕ ಬರೆದವರಿಗೆ ಕೊಡುವುದು ಸರಿಯಾಗಿಯೇ ಇದೆ. ಎಣಿಕೆಯ ಮಾತಿಗೆ ಮರಳಿದರೆ, ಕೆಲವು ಸಲ ಲೆಕ್ಕವೇ ಎಲ್ಲ ಹೇಳಿಬಿಡುತ್ತದೆ. ಪಾವಗಡದ ಕಡೆಯ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ಪತ್ರಿಕೆಗಳು ಬರೆದದ್ದು, ಒಂದು ಕಾಸು ಮುಟ್ಟದೆ ಮಾಡಿಸಿದ ಹದಿನೈದು ಸಾವಿರಕ್ಕೂ ಮೀರಿದ ಹೆರಿಗೆ. ಅದರ ಮುಂದೆ ಕರುಣಾಮಯಿ ಅಂತ ನಾನು ಏನು ಸೇರಿಸಲಿ?

ಅತ್ತಿಮಬ್ಬೆಯನ್ನು ಹಾಡಿದ ರನ್ನ ಮುಧೋಳದ ಬಳೆಗಾರರ ಮನೆಯ ಹುಡುಗ. ಆಕೆಯ ಆಶ್ರಯದಲ್ಲಿ 993ರಲ್ಲಿ ಅಜಿತಪುರಾಣ ಮುಗಿಸಿ, ತಂಗಿಯ ಸಾವನ್ನೂ ಅಕ್ಕನ ಬಾಳನ್ನೂ ಅದರೊಳಗೆ ಬರೆದಿಟ್ಟ. ಅಷ್ಟಕ್ಕೆ ತೃಪ್ತಿಯಾಗದೆ ತನ್ನ ಮಗಳಿಗೂ ಅತ್ತಿಮಬ್ಬೆ ಎಂದೇ ಹೆಸರಿಟ್ಟ. ನಾನು ಸರ್ವೀಸಿನುದ್ದಕ್ಕೂ ಹಾಜರಿ ಕರೆಯುತ್ತ ಚೆನ್ನಮ್ಮ ಎಂದಿದ್ದೇನೆ, ಅಕ್ಕಮಹಾದೇವಿ ಎಂದಿದ್ದೇನೆ, ಗುಂಡಮ್ಮ ಎಂದೂ ಕೂಗಿದ್ದೇನೆ. ಅತ್ತಿಮಬ್ಬೆ ಎಂಬ ಹೆಸರಿಗೆ "ಹಾಜರ್ ಸರ" ಅಂದ ಹುಡುಗಿ ಸಿಗಲಿಲ್ಲ.