ಬಳ್ಳಿಗಾವಿಯ ಲೆಕ್ಕಕ್ಕೆ ಸಿಗದ ಕೇರಿ

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿ ಎಂದರೆ ನಮ್ಮ ಚರಿತ್ರೆಕಾರರಿಗೆ ಎಲ್ಲಿಲ್ಲದ ಉತ್ಸಾಹ. ಬನವಾಸಿ ಹನ್ನೆರಡು ಸಾವಿರ ನಾಡಿನ ರಾಜಧಾನಿ. ಶಾಸನಗಳೇ ಹೊಗಳಿದ 'ಅನಾದಿ ರಾಜಧಾನಿ'. ಮೂರು ಪುರ, ಐದು ಮಠ, ಏಳು ಬ್ರಹ್ಮಪುರಿ ಎಂದು ಶಾಸನ ಊರಿನ ಲೆಕ್ಕ ಕೊಡುತ್ತದೆ. ಬ್ರಹ್ಮಪುರಿ ಅಂದರೆ ದತ್ತಿ ಪಡೆದು ಪಟ್ಟಣದೊಳಗೆ ನೆಲೆನಿಂತ ಬ್ರಾಹ್ಮಣರ ಬಡಾವಣೆ. ಈ ಲೆಕ್ಕ ಓದಿದ ಮೇಲೆ ನಾವು ಕೇಳಬೇಕಾದದ್ದು ಒಂದೇ ಮಾತು: ಅದೆಲ್ಲಾ ಸರಿ ಸ್ವಾಮಿ, ಹೊಲಗೇರಿ ಎಲ್ಲಿತ್ತು?

ಬಳಪದ ಕಲ್ಲಿನ ಕೇದಾರೇಶ್ವರ ಗುಡಿ ಮೂರು ಗರ್ಭಗುಡಿಗಳೊಂದಿಗೆ ಇವತ್ತಿಗೂ ನಿಂತಿದೆ. ತ್ರಿಪುರಾಂತಕ ಗುಡಿ ಇದೆ. ೧೦೪೭ರ ಗಂಡಭೇರುಂಡ ಕಂಬ ಇದೆ. ಇಲ್ಲಿನ ದಾಸೋಜ ಮತ್ತು ಅವನ ಮಗ ಚಾವಣ ಬೇಲೂರಿಗೆ ಹೋಗಿ ಮದನಿಕೆಯರನ್ನು ಕಡೆದು, ಕೆಳಗೆ ತಮ್ಮ ಹೆಸರನ್ನೂ ಬರೆದುಕೊಂಡರು. ಕುಶಲಕರ್ಮಿಗೆ ಅಷ್ಟಾದರೂ ದಕ್ಕಿತು. ಆದರೆ ಬಂಡೆ ಎಬ್ಬಿಸಿದವರು, ಎಳೆದು ತಂದವರು, ಮಣ್ಣು ಹೊತ್ತವರು? ಅವರ ಹೆಸರು ಯಾವ ಪೀಠದ ಮೇಲೂ ಇಲ್ಲ. ಅವರ ಗುಡಿಸಲು ಮಣ್ಣು ಹುಲ್ಲಿನದು. ನಾಲ್ಕು ಮಳೆಗಾಲಕ್ಕೆ ಕರಗಿ ಹೋಗುವಂಥದ್ದು. ಕಲ್ಲು ಉಳಿದವರದಷ್ಟೇ ಚರಿತ್ರೆ ಎಂದಾದರೆ, ಕಲ್ಲು ಹೊತ್ತವರಿಗೆ ಚರಿತ್ರೆಯೇ ಇಲ್ಲವೆಂದಾಯಿತು.

ಇದೇ ಊರಿನ ಅಲ್ಲಮನನ್ನು ಹರಿಹರ ಮದ್ದಳೆ ನುಡಿಸುವವನಾಗಿ ಚಿತ್ರಿಸಿದ್ದಾನೆ. ಗುಡಿಯೊಳಗೆ ಮದ್ದಳೆಗೆ ಪ್ರವೇಶವಿತ್ತು. ಆ ಮದ್ದಳೆಯ ತೊಗಲನ್ನು ಹದ ಮಾಡಿದ ಕೈಗೆ?

ಕೋಡಿಮಠದ ೧೧೬೨ರ ಶಾಸನವನ್ನು ಪಂಡಿತರು ಮತ್ತೆ ಮತ್ತೆ ಉದಾಹರಿಸುತ್ತಾರೆ. ಅಲ್ಲಿ ವೇದ, ವ್ಯಾಕರಣ, ದರ್ಶನಗಳ ಪಾಠ ನಡೆಯುತ್ತಿತ್ತು. ದೀನರು, ಕುರುಡರು, ಕುಂಟರಿಗೆ ಅನ್ನವಿತ್ತು, ರೋಗಿಗಳಿಗೆ ಔಷಧವಿತ್ತು. ಇದನ್ನು ನಾವು ಅಲ್ಲಗಳೆಯಬೇಕಿಲ್ಲ. ಆದರೆ ಅನ್ನ ಕೊಡುವುದು ಬೇರೆ, ಪಂಕ್ತಿ ಕೊಡುವುದು ಬೇರೆ. ದಾನದ ಪಟ್ಟಿಯಲ್ಲಿ ಇರುವುದಕ್ಕೂ ಊರಿನ ಪಟ್ಟಿಯಲ್ಲಿ ಇರುವುದಕ್ಕೂ ಅಜಗಜಾಂತರ. ಇನ್ನು ೧೦೬೫ರಲ್ಲಿ ದಂಡನಾಯಕ ರೂಪಭಟ್ಟಯ್ಯ ಇಲ್ಲಿ ಜಯಂತಿ ಬೌದ್ಧ ವಿಹಾರ ಕಟ್ಟಿಸಿದ. ಗುಡಿಗಳು ಉಳಿದವು, ವಿಹಾರ ಉಳಿಯಲಿಲ್ಲ. ಬಳ್ಳಿಗಾವಿಯ ವೈಭವ ಹೇಳುವವರು ಈ ವಿಹಾರವನ್ನು ಒಂದು ಸಾಲಿನಲ್ಲಿ ದಾಟಿಬಿಡುತ್ತಾರೆ. ನಾವು ದಾಟುವಂತಿಲ್ಲ.

ಹತ್ತಿರದ ತಾಳಗುಂದದ ಕಂಬವನ್ನು ನೋಡಿ. ಐದನೇ ಶತಮಾನದ್ದು, ಕುಬ್ಜ ಕವಿಯ ಸಂಸ್ಕೃತ. ಕಂಚಿಗೆ ಓದಲು ಹೋದ ಮಯೂರಶರ್ಮನಿಗೆ ಅಲ್ಲಿ ಕುದುರೆಯಾಳೊಬ್ಬನಿಂದ ಅವಮಾನವಾಯಿತು. ಅವನು ದರ್ಭೆ ಬಿಟ್ಟು ಕತ್ತಿ ಹಿಡಿದ. ಕದಂಬ ರಾಜ್ಯ ಹುಟ್ಟಿತು. ಬ್ರಾಹ್ಮಣನೊಬ್ಬನ ಒಂದು ದಿನದ ಅವಮಾನ ಕಲ್ಲೇರಿ ರಾಜವಂಶದ ಕತೆಯಾಯಿತು. ಕೇರಿಯ ತಲೆತಲಾಂತರದ ಅವಮಾನಕ್ಕೆ ಒಂದು ಗೇಣು ಕಲ್ಲೂ ಸಿಗಲಿಲ್ಲ.

ಹಾಗಾದರೆ ಈ ಸೀಮೆಯಲ್ಲಿ ಕೆಳಜಾತಿಯವರು ಕಣ್ಣಿಗೆ ಬೀಳುತ್ತಲೇ ಇರಲಿಲ್ಲವೆ? ಬೀಳುತ್ತಿದ್ದರು. ಹೇಗೆ ಎಂಬುದಕ್ಕೆ ಪಕ್ಕದ ಸೊರಬ ತಾಲ್ಲೂಕಿನ ಚಂದ್ರಗುತ್ತಿಗೆ ಹೋಗಬೇಕು. ಅಲ್ಲಿ ರೇಣುಕಾಂಬೆ ಗುಡ್ಡದ ಬಂಡೆಯ ಗುಹೆಯಲ್ಲಿದ್ದಾಳೆ. ವರದಾ ಹೊಳೆಯಲ್ಲಿ ಮಿಂದು ಗುಡಿಯವರೆಗೆ ಬೆತ್ತಲೆ ನಡೆಯುವ ಹರಕೆ ಅಲ್ಲಿತ್ತು; ನಡೆದವರಲ್ಲಿ ಹೆಚ್ಚಿನವರು ದಲಿತ, ಹಿಂದುಳಿದ ಜಾತಿಗಳ ಬಡ ಹೆಣ್ಣುಮಕ್ಕಳು. ಪಟ್ಟಣದ ಪಟ್ಟಿಯಲ್ಲಿ ಮನೆಯಿಲ್ಲದ ಮೈಗೆ ದೇವರ ದಾರಿಯಲ್ಲಿ ಬಟ್ಟೆಯೂ ಇಲ್ಲ. ೧೯೮೬ರ ಮಾರ್ಚಿಯಲ್ಲಿ ಇದನ್ನು ತಡೆಯಲು ಹೋದ ದಲಿತ ಸಂಘರ್ಷ ಸಮಿತಿಯ ಕಾರ್ಯಕರ್ತರ ಮೇಲೆ, ಪೊಲೀಸರ ಮೇಲೆ ಗುಂಪು ಬಿದ್ದು ಬಟ್ಟೆ ಕಿತ್ತು ಬೆತ್ತಲೆ ಮಾಡಿತು. ಆಮೇಲೆ ಸರ್ಕಾರ ಬೆತ್ತಲೆ ಸೇವೆಯನ್ನು ನಿಷೇಧಿಸಿತು. ಆ ದಾರಿಯೂ ವಾಸ್ತುಶಿಲ್ಪವೇ. ಯಾರು ಎಲ್ಲಿ ಇರಬೇಕು, ಯಾರು ಹೇಗೆ ನಡೆಯಬೇಕು ಎಂದು ಹೇಳುವುದು ಗೋಡೆ ಮಾತ್ರವಲ್ಲ, ದಾರಿಯೂ ಹೇಳುತ್ತದೆ.

ನಮ್ಮ ಹುಡುಗರು ಬಳ್ಳಿಗಾವಿಗೆ ಹೋದರೆ ಗುಡಿಯ ಫೋಟೋ ತೆಗೆದು ಬಂದರೆ ಸಾಲದು. ಕೇರಿಯಲ್ಲಿ ಕೂತು ಮುದುಕರನ್ನು ಮಾತಾಡಿಸಬೇಕು. ನೀರು ಎಲ್ಲಿಂದ ತರ್ತಿದ್ರಿ? ಹೆಣ ಯಾವ ದಾರೀಲಿ ಹೊರ್ತಿದ್ರಿ? ಚಪ್ಪಲಿ ಎಲ್ಲಿ ಬಿಡಬೇಕಿತ್ತು? ಆ ಉತ್ತರಗಳನ್ನೆಲ್ಲ ಗುರುತು ಹಾಕಿ ಊರಿನ ನಕಾಶೆ ಬರೆಯಬೇಕು. ಮೂರು ಪುರ, ಐದು ಮಠ, ಏಳು ಬ್ರಹ್ಮಪುರಿಯ ಪಕ್ಕದಲ್ಲಿ ಆ ನಕಾಶೆ ಇಟ್ಟಾಗ ಮಾತ್ರ ಬಳ್ಳಿಗಾವಿಯ ಲೆಕ್ಕ ಪೂರ್ತಿಯಾಗುತ್ತದೆ.