ಕೂಸಿನ ನೆತ್ತಿ ಮತ್ತು ಉಪ್ಪು ಸಕ್ಕರೆ ನೀರು

ಹಾಲುಗೂಸಿನ ತಲೆಯ ಮೇಲೆ ಮೂಳೆ ಕೂಡಿಕೊಳ್ಳದ ಮೆತ್ತನೆಯ ಜಾಗವೊಂದಿರುತ್ತದೆ. ಸುಮಾರು ಒಂದೂವರೆ ವರ್ಷದ ಹೊತ್ತಿಗೆ ಅದು ಮುಚ್ಚಿಕೊಳ್ಳುತ್ತದೆ. ನಮ್ಮ ಮನೆಗಳ ಹೆಂಗಸರು ಆ ಜಾಗವನ್ನು ತಲೆತಲಾಂತರದಿಂದ ಬೆರಳ ತುದಿಯಲ್ಲಿ ಓದುತ್ತ ಬಂದಿದ್ದಾರೆ. ಮಗುವಿಗೆ ಭೇದಿ ಹತ್ತಿ ಅಲ್ಲಿ ಗುಳಿ ಬಿದ್ದರೆ ‘ನೆತ್ತಿ ಇಳಿದಿದೆ’ ಎನ್ನುತ್ತಿದ್ದರು. ಹರಳೆಣ್ಣೆ ಒತ್ತುತ್ತಿದ್ದರು, ಬಜೆ ತೇಯ್ದು ನೆಕ್ಕಿಸುತ್ತಿದ್ದರು, ದೃಷ್ಟಿ ತೆಗೆಯುತ್ತಿದ್ದರು. ಗುರುತು ಹಿಡಿದದ್ದು ಸರಿಯಾಗಿಯೇ ಇತ್ತು. ಮೈಯ ನೀರು ಬತ್ತಿದಾಗ ನೆತ್ತಿ ಕುಸಿಯುತ್ತದೆ. ಇವತ್ತಿಗೂ ಮಕ್ಕಳ ವೈದ್ಯರು ಅಲ್ಲಿ ಕೈಯಿಟ್ಟು ನೋಡುತ್ತಾರೆ. ಎಡವಿದ್ದು ಮುಂದಿನ ಹೆಜ್ಜೆಯಲ್ಲಿ. ‘ಕುಡಿಸಿದಷ್ಟೂ ಹೋಗುತ್ತೆ’ ಎಂದು ನೀರನ್ನೇ ನಿಲ್ಲಿಸುವ ಮನೆಗಳಿದ್ದವು. ಹಲ್ಲು ಬರುವ ಹೊತ್ತಿನ ಭೇದಿ, ತಾನಾಗಿ ನಿಲ್ಲುತ್ತದೆ ಎಂದು ಕಾಯುವವರೂ ಇದ್ದರು.

ಹಾಗೆಂದು ಅಜ್ಜಿಯರನ್ನಷ್ಟೇ ದೂರುವುದು ಅನ್ಯಾಯ. ಕರುಳಿಗೆ ವಿಶ್ರಾಂತಿ ಬೇಕೆಂದು ಬಾಯಿಗೆ ಏನನ್ನೂ ಕೊಡದೆ ಮಲಗಿಸುವ ಪದ್ಧತಿ ದೊಡ್ಡ ದೊಡ್ಡ ಆಸ್ಪತ್ರೆಗಳಲ್ಲೂ ಇತ್ತು.

ನಾನು ಈ ಚರಿತ್ರೆಯ ಹಿಂದೆ ಬಿದ್ದದ್ದು ಮಗಳಿಗೆ ಎಂಟು ತಿಂಗಳಾಗಿದ್ದಾಗ. ಸಂಜೆ ಶುರುವಾದ ವಾಂತಿಭೇದಿ ರಾತ್ರಿ ಹನ್ನೊಂದರ ಹೊತ್ತಿಗೆ ಅವಳನ್ನು ಹಿಂಡಿದ ಬಟ್ಟೆಯ ಹಾಗೆ ಮಾಡಿತ್ತು. ಅತ್ತರೆ ಕಣ್ಣೀರು ಬರುತ್ತಿರಲಿಲ್ಲ. ವೈದ್ಯೆ ನೆತ್ತಿ ಮುಟ್ಟಿದರು, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟರು, ಕೊನೆಯ ಸಲ ಉಚ್ಚೆ ಹೊಯ್ದದ್ದು ಯಾವಾಗ ಎಂದು ಕೇಳಿದರು. ‘ಡ್ರಿಪ್ಸ್ ಹಾಕಿಬಿಡಿ ಮೇಡಂ’ ಎಂದೆ. ಅವರು ಒಂದು ಪೊಟ್ಟಣ, ಒಂದು ಚಮಚ ನನ್ನ ಕೈಗಿತ್ತರು. ನಿಮಿಷಕ್ಕೋ ಎರಡು ನಿಮಿಷಕ್ಕೋ ಒಂದೊಂದು ಚಮಚ, ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಮತ್ತೆ, ಇನ್ನೂ ನಿಧಾನವಾಗಿ, ನಡುವೆ ತಾಯಿಹಾಲು. ‘ಇಲ್ಲೇ ಕೂತು ಕುಡಿಸಿ, ನಾನು ನೋಡ್ತಿರ್ತೀನಿ’ ಎಂದರು. ಬೆಳಗಿನ ಜಾವ ಮಗು ಉಚ್ಚೆ ಹೊಯ್ದಾಗ ನನ್ನ ಹೆಂಡತಿ ಅತ್ತುಬಿಟ್ಟಳು. ಅಷ್ಟು ಹೊತ್ತು ನನ್ನನ್ನು ಕಾಡಿದ್ದು ಒಂದೇ ಪ್ರಶ್ನೆ: ಇಂಥ ಗಂಡಾಂತರದಲ್ಲಿ ಒಬ್ಬ ಅಪ್ಪನ ಕೈಗೆ ಚಮಚ ಕೊಡಬಹುದೆಂದು ವೈದ್ಯಲೋಕ ಯಾವಾಗ ಒಪ್ಪಿಕೊಂಡಿತು?

ಒಪ್ಪುವುದಕ್ಕೆ ಬಹಳ ಕಾಲ ಹಿಡಿದಿದೆ. ಕಾಲರಾ ಇಂಗ್ಲೆಂಡನ್ನು ಮುಟ್ಟಿದಾಗ ವಿಲಿಯಂ ಬ್ರೂಕ್ ಓ’ಶಾಗ್ನೆಸಿ ಎಂಬ ತರುಣ ವೈದ್ಯ ರೋಗಿಗಳ ರಕ್ತವನ್ನು ಪರೀಕ್ಷಿಸಿ, ಅದರಲ್ಲಿ ನೀರೂ ಲವಣಗಳೂ ಕಳೆದುಹೋಗಿವೆ ಎಂದು ತೋರಿಸಿದ. 1832ರಲ್ಲಿ ಸ್ಕಾಟ್ಲೆಂಡಿನ ಥಾಮಸ್ ಲಾಟ್ಟಾ ಉಪ್ಪುನೀರನ್ನು ನೇರ ರಕ್ತನಾಳಕ್ಕೆ ಹರಿಸಿ ಸಾಯುತ್ತಿದ್ದವರು ಎದ್ದು ಕೂರುವುದನ್ನು ಕಂಡ. ಆಮೇಲೆ ಅದು ಹೆಚ್ಚುಕಡಿಮೆ ಮರೆತೇಹೋಯಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕಲ್ಕತ್ತೆಯ ಲಿಯೊನಾರ್ಡ್ ರೋಜರ್ಸ್ ಅದನ್ನು ಸುಧಾರಿಸಿ ಮತ್ತೆ ಬಳಕೆಗೆ ತಂದರು. ಆದರೆ ಸಲೈನ್‌ಗೆ ಸೂಜಿ ಬೇಕು, ಶುದ್ಧ ಮಾಡಿದ ಬಾಟಲಿ ಬೇಕು, ಪಳಗಿದ ಕೈ ಬೇಕು. ನೀರು ಬತ್ತಿದ ಕೂಸಿನ ನರ ಸಿಗುವುದೇ ಕಷ್ಟ.

ಬಾಯಿಯಿಂದಲೇ ಕೊಟ್ಟರಾಗದೆ? 1953ರಲ್ಲಿ ಕಲ್ಕತ್ತೆಯ ಹೇಮೇಂದ್ರನಾಥ ಚಟರ್ಜಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ, ಕಾಲರಾ ರೋಗಿಗಳಿಗೆ ಉಪ್ಪು ಮತ್ತು ಗ್ಲೂಕೋಸ್ ಬೆರೆಸಿದ ನೀರು ಕುಡಿಸಿ ಗುಣಪಡಿಸಿದ್ದನ್ನು ಬರೆದರು. ಜೊತೆಗೆ ಅವರು ಒಂದು ಎಲೆಯ ರಸವನ್ನೂ ಬಳಸಿದ್ದರು. ಅದು ಬೇರೆ ಯಾವುದೂ ಅಲ್ಲ, ನಮ್ಮ ಹಿತ್ತಲಿನ ದೊಡ್ಡಪತ್ರೆ. ಮಗುವಿಗೆ ಶೀತವಾದರೆ ಬಾಡಿಸಿ ಹಿಂಡುವ ಅದೇ ಎಲೆ ಲಂಡನ್ನಿನ ಪತ್ರಿಕೆಗೆ ಹೋಗಿ ಬಂದಿದೆ ಎಂಬುದು ನನಗಂತೂ ಖುಷಿ ಕೊಟ್ಟಿತು. ಚಟರ್ಜಿಯವರ ಮಾತನ್ನು ಮಾತ್ರ ಹೆಚ್ಚು ಜನ ಕಿವಿಗೆ ಹಾಕಿಕೊಳ್ಳಲಿಲ್ಲ. ಅದು ಏಕೆ ಕೆಲಸ ಮಾಡುತ್ತದೆಂಬುದು ಆಗ ತಿಳಿದಿರಲಿಲ್ಲ.

ಆ ಉತ್ತರ 1960ರಲ್ಲಿ ಬಂತು. ಕರುಳಿನ ಗೋಡೆ ಸಕ್ಕರೆಯನ್ನು ಒಳಗೆ ಸೇರಿಸಿಕೊಳ್ಳುವಾಗ ಉಪ್ಪಿನ ಸೋಡಿಯಂ ಅದರ ಕೈಹಿಡಿದೇ ಬರುತ್ತದೆ ಎಂದು ರಾಬರ್ಟ್ ಕ್ರೇನ್ ಪ್ರಾಗ್ ನಗರದ ಸಭೆಯೊಂದರಲ್ಲಿ ವಿವರಿಸಿದರು. ಅವೆರಡರ ಹಿಂದೆ ನೀರು ಬರುತ್ತದೆ. ಭೇದಿ ಎಷ್ಟೇ ಜೋರಾಗಿದ್ದರೂ ಸಾಮಾನ್ಯವಾಗಿ ಈ ಒಂದು ಬಾಗಿಲು ತೆರೆದೇ ಇರುತ್ತದೆ. 1968ರಲ್ಲಿ ಢಾಕಾದ ಕಾಲರಾ ಸಂಶೋಧನಾಲಯದಲ್ಲಿ ಡೇವಿಡ್ ನೇಲಿನ್ ಮತ್ತು ರಿಚರ್ಡ್ ಕ್ಯಾಶ್, ಎಷ್ಟು ಹೊರಹೋಯಿತೋ ಅಷ್ಟನ್ನು ಅಳೆದು ಬಾಯಿಂದ ತುಂಬಿಕೊಡಬಹುದೆಂದು ರೋಗಿಗಳಲ್ಲೇ ತೋರಿಸಿದರು. ಆದರೆ ಅದೂ ಆಸ್ಪತ್ರೆಯೊಳಗಿನ ಮಾತು. ಮನೆಯವರ ಕೈಗೆ ಇದನ್ನು ಬಿಡುವ ಧೈರ್ಯ ಯಾರಿಗೂ ಬಂದಿರಲಿಲ್ಲ.

ಧೈರ್ಯವಲ್ಲ, ಬೇರೆ ದಾರಿಯಿಲ್ಲದ್ದು ಅದನ್ನು ಮಾಡಿಸಿತು. 1971ರ ಬಾಂಗ್ಲಾ ಯುದ್ಧದಲ್ಲಿ ಗಡಿ ದಾಟಿ ಬಂದ ನಿರಾಶ್ರಿತರ ನಡುವೆ ಕಾಲರಾ ಎದ್ದಿತು. ಪಶ್ಚಿಮ ಬಂಗಾಳದ ಗಡಿಯೂರು ಬೊಂಗಾವ್‌ನ ಆಸ್ಪತ್ರೆಗೆ ಹೋದ ದಿಲೀಪ್ ಮಹಾಲನಬೀಸ್ ಮೂಲತಃ ಮಕ್ಕಳ ವೈದ್ಯರು. ನೆಲದ ಮೇಲೆಲ್ಲ ರೋಗಿಗಳು; ಸಲೈನ್ ಹಾಕಬೇಕೆಂದರೆ ಮಲ, ವಾಂತಿಯ ನಡುವೆಯೇ ಮಂಡಿಯೂರಬೇಕು. ಸಲೈನ್ ಬಾಟಲಿಗಳು ಸಾಲದಾದವು. ಆಗ ಅವರು ಲೀಟರ್ ನೀರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಅಡುಗೆ ಉಪ್ಪು, 2.5 ಗ್ರಾಂ ಅಡುಗೆ ಸೋಡದ ಲೆಕ್ಕದಲ್ಲಿ ಪೊಟ್ಟಣ ಕಟ್ಟಿಸಿದರು. ಕಲಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಟ್ಟು, ರೋಗಿಗಳ ಜೊತೆ ಬಂದ ಅಮ್ಮ, ಅಣ್ಣ, ನೆಂಟರ ಕೈಗೆ ಲೋಟ ಕೊಟ್ಟರು. ಶೇಕಡಾ 30ರ ಸುಮಾರಿಗಿದ್ದ ಸಾವಿನ ಪ್ರಮಾಣ ಅವರ ಆರೈಕೆಯಲ್ಲಿದ್ದವರಲ್ಲಿ ಶೇಕಡಾ 3.6ಕ್ಕೆ ಇಳಿಯಿತು. ತರಬೇತಿಯಿಲ್ಲದವರು ಕುಡಿಸಿದ್ದನ್ನು ಚಿಕಿತ್ಸೆಯೆಂದು ಒಪ್ಪಲು ಮೊದಮೊದಲು ವೈದ್ಯ ಪತ್ರಿಕೆಗಳೂ ಹಿಂಜರಿದವು. ವರದಿ ಅಚ್ಚಾದದ್ದು 1973ರಲ್ಲಿ. ಮಹಾಲನಬೀಸ್ 2022ರ ಅಕ್ಟೋಬರಿನಲ್ಲಿ ತೀರಿಕೊಂಡರು. ಪದ್ಮವಿಭೂಷಣ ಬಂದದ್ದು ಮರುವರ್ಷ, ಅವರು ಹೋದಮೇಲೆ.

ಬಾಂಗ್ಲಾದೇಶ ಇದನ್ನು ಇನ್ನೂ ಒಳಗೆ, ಅಡುಗೆಮನೆಗೇ ಒಯ್ದಿತು. 1980ರಿಂದ ಹತ್ತು ವರ್ಷ ಬ್ರ್ಯಾಕ್ ಸಂಸ್ಥೆಯ ಕಾರ್ಯಕರ್ತೆಯರು ಮನೆಮನೆಗೆ ಹೋಗಿ, ಒಂದು ಕೋಟಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಮನೆಗಳಲ್ಲಿ ತಾಯಂದಿರಿಗೆ ಕಲಿಸಿದರು: ಅರ್ಧ ಸೇರು ನೀರು, ಮೂರು ಬೆರಳ ಒಂದು ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ. ಕಾರ್ಯಕರ್ತೆಗೆ ಸಂಬಳ ಎಷ್ಟು ಮನೆ ಸುತ್ತಿದಳು ಎಂಬುದರ ಮೇಲಲ್ಲ, ಆಮೇಲೆ ಹೋಗಿ ಕೇಳಿದಾಗ ತಾಯಿಗೆ ಎಷ್ಟು ನೆನಪಿದೆ ಎಂಬುದರ ಮೇಲೆ. ಇದಕ್ಕಿಂತ ಒಳ್ಳೆಯ ಪರೀಕ್ಷಾ ಪದ್ಧತಿ ನಮ್ಮ ವಿಶ್ವವಿದ್ಯಾಲಯಗಳಲ್ಲೂ ಇಲ್ಲ.

ಅಳತೆಯ ವಿಷಯಕ್ಕೆ ಇಷ್ಟು ಕಟ್ಟುನಿಟ್ಟು ಸುಮ್ಮನೆ ಅಲ್ಲ. ಸಕ್ಕರೆ ಹೆಚ್ಚಾದರೆ ಕರುಳು ನೀರನ್ನು ಹೀರುವ ಬದಲು ಮೈಯ ನೀರನ್ನೇ ಹೊರಗೆಳೆಯುತ್ತದೆ; ಉಪ್ಪು ಹೆಚ್ಚಾದರೆ ಕೂಸಿಗೆ ಅದೇ ಅಪಾಯ. 2002ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಎರಡನ್ನೂ ತಗ್ಗಿಸಿ ಹೊಸ ಲೆಕ್ಕ ಕೊಟ್ಟಿತು: ಲೀಟರಿಗೆ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಟ್ರೈಸೋಡಿಯಂ ಸಿಟ್ರೇಟ್. ಇದಕ್ಕೆ ಹೊಂದದ, ಸಕ್ಕರೆ ತುಂಬಿದ ಪಾನೀಯಗಳು ಓಆರ್‌ಎಸ್ ಎಂಬ ಅಕ್ಷರ ಹೊತ್ತು ಔಷಧಿ ಅಂಗಡಿಗಳಲ್ಲೇ ಬಹುಕಾಲ ಮಾರಾಟವಾದವು. ಆಹಾರ ಸುರಕ್ಷತಾ ಪ್ರಾಧಿಕಾರ ಆ ಅಕ್ಷರಗಳನ್ನು ಅವುಗಳ ಮೇಲಿಂದ ತೆಗೆಯಲು ಹೇಳಿದ್ದು 2025ರ ಅಕ್ಟೋಬರಿನಲ್ಲಿ.