ಗಿರಾಕಿಯ ಮಸುಕು ನೆನಪು: ಭಾರತದಲ್ಲಿ ಟ್ರೇಡ್‌ಮಾರ್ಕ್ ರಕ್ಷಣೆ ಬೆಳೆದ ಬಗೆ

ಸಾಬೂನು, ಅಗರಬತ್ತಿ, ಚಹಾಪುಡಿ, ಯಾವ ಪೊಟ್ಟಣ ಕೈಗೆತ್ತಿಕೊಂಡರೂ ಹೆಸರಿನ ಮಗ್ಗುಲಲ್ಲಿ ಪುಟ್ಟದಾಗಿ ಟಿಎಂ ಎಂದೋ ವೃತ್ತದೊಳಗೆ ಆರ್ ಎಂದೋ ಅಚ್ಚಾಗಿರುವುದು ಸಾಮಾನ್ಯ. ಎರಡೂ ಒಂದೇ ಎಂದುಕೊಂಡವರು ವ್ಯಾಪಾರಸ್ಥರಲ್ಲೂ ಇದ್ದಾರೆ. ಟಿಎಂ ಎಂಬುದು ‘ಈ ಹೆಸರು ನನ್ನದು’ ಎಂದು ಮಾಲೀಕ ತಾನೇ ಹೇಳಿಕೊಳ್ಳುವ ಮಾತು. ಅದಕ್ಕೆ ಯಾರ ಅಪ್ಪಣೆಯೂ ಬೇಡ. ವೃತ್ತದೊಳಗಿನ ಆರ್ ಹಾಕಬೇಕಾದರೆ ಮಾತ್ರ ನೋಂದಣಿ ಆಗಿರಲೇಬೇಕು. ಸೋಜಿಗವೆಂದರೆ, ನಮ್ಮ 1999ರ ಟ್ರೇಡ್‌ಮಾರ್ಕ್ ಕಾಯ್ದೆಯಲ್ಲಿ ಈ ಎರಡು ಗುರುತುಗಳ ಪ್ರಸ್ತಾಪವೇ ಇಲ್ಲ. ವೃತ್ತದ ಆರ್ ಅನ್ನು ಹೆಸರಿಸಿ ಹೇಳಿದ್ದು ಅಮೆರಿಕದ 1946ರ ಲ್ಯಾನ್‌ಹ್ಯಾಮ್ ಕಾಯ್ದೆ. ನಮ್ಮ ಕಾಯ್ದೆಯ 107ನೇ ಕಲಂ, ನೋಂದಣಿಯಾಗದ ಚಿಹ್ನೆಯನ್ನು ನೋಂದಾಯಿತ ಎಂದು ಮಾತಿನಿಂದಾಗಲಿ ಸಂಕೇತದಿಂದಾಗಲಿ ತೋರಿಸಕೂಡದು ಎನ್ನುತ್ತದೆ. 2023ರ ಜನ ವಿಶ್ವಾಸ್ ಕಾಯ್ದೆಯ ತಿದ್ದುಪಡಿಗೆ ಮುಂಚೆ ಈ ತಪ್ಪಿಗೆ ಮೂರು ವರ್ಷದವರೆಗೆ ಸೆರೆವಾಸ ವಿಧಿಸಲು ಅವಕಾಶವಿತ್ತು.

ಗುರುತುಗಳ ವಿಷಯ ಅಷ್ಟಕ್ಕೇ ಮುಗಿಯುತ್ತದೆ. ಕಾನೂನು ನಿಜಕ್ಕೂ ಕಾಯುತ್ತಾ ಬಂದಿರುವುದು ಅಂಗಡಿಯ ಮುಂದೆ ನಿಂತ, ಓದು ಬಂದಿರಲೂಬಹುದು ಬಾರದಿರಲೂಬಹುದಾದ ಗಿರಾಕಿಯ ನೆನಪನ್ನು ಎಂಬುದು ನನ್ನ ವಾದ. ಅದರ ಬೇರು ಹುಡುಕಲು ಹತ್ತೊಂಬತ್ತನೆಯ ಶತಮಾನದ ಬಟ್ಟೆ ವ್ಯಾಪಾರಕ್ಕೆ ಹೋಗಬೇಕು. ಮ್ಯಾಂಚೆಸ್ಟರ್‌ನಿಂದ ಇಲ್ಲಿಗೆ ಬರುತ್ತಿದ್ದ ಥಾನುಗಳ ಮೇಲೆ ಬಣ್ಣದ ಚೀಟಿ ಅಂಟಿಸಿರುತ್ತಿದ್ದರು: ದೇವರು, ಆನೆ, ಹುಲಿ, ಅಂಬಾರಿ. ಇಂಗ್ಲಿಷ್ ಬಾರದವರು ಚಿತ್ರ ನೋಡಿಯೇ ಬಟ್ಟೆ ಗುರುತಿಸುತ್ತಿದ್ದರು. ಹೀಗಾಗಿ ಆನೆಯ ಪಕ್ಕದಲ್ಲಿ ಇನ್ನೊಬ್ಬನ ಆನೆ ಬಂದು ನಿಂತರೆ ನಷ್ಟ ನೇರವಾಗಿ ಗಲ್ಲಾಪೆಟ್ಟಿಗೆಗೆ. ಬ್ರಿಟನ್ನಿನಲ್ಲಿ 1876ರ ಜನವರಿ 1ರಂದು ನೋಂದಣಿ ಆರಂಭವಾಗಿ, ಬಾಸ್ ಬಿಯರಿನ ಕೆಂಪು ತ್ರಿಕೋನ ಮೊದಲ ಸಂಖ್ಯೆ ಪಡೆಯಿತು. ಹತ್ತಿಬಟ್ಟೆಯ ಚಿಹ್ನೆಗಳಿಗಾಗಿ ಮ್ಯಾಂಚೆಸ್ಟರ್‌ನಲ್ಲಿ ಬೇರೆ ಕಚೇರಿಯನ್ನೇ ತೆರೆಯಬೇಕಾಯಿತು.

ಆ ಸರಕು ಬಂದಿಳಿಯುತ್ತಿದ್ದ ಭಾರತದಲ್ಲಿ ಮಾತ್ರ ನೋಂದಣಿ ಪುಸ್ತಕವೇ ಇರಲಿಲ್ಲ. 1889ರ ಮರ್ಚಂಡೈಸ್ ಮಾರ್ಕ್ಸ್ ಕಾಯ್ದೆ ಖೋಟಾ ಚಿಹ್ನೆ ಹಾಕಿದವರನ್ನು ಶಿಕ್ಷಿಸುತ್ತಿತ್ತೇ ಹೊರತು ಚಿಹ್ನೆ ಯಾರದೆಂದು ಬರೆದಿಡುತ್ತಿರಲಿಲ್ಲ. ವ್ಯಾಪಾರಿಗಳು ತಮ್ಮದೇ ದಾರಿ ಕಂಡುಕೊಂಡರು. ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಒಡೆತನದ ಘೋಷಣೆಯನ್ನು ದಾಖಲಿಸಿ, ನಕಲು ಮಾಡಿದರೆ ದಾವೆ ಹೂಡುವುದಾಗಿ ಪತ್ರಿಕೆಗಳಲ್ಲಿ ಎಚ್ಚರಿಕೆಯ ಜಾಹೀರಾತು ಕೊಡುತ್ತಿದ್ದರು. ಕೋರ್ಟಿನಲ್ಲಿ ಅದು ಸಾಕ್ಷ್ಯವಾದೀತು, ಹಕ್ಕುಪತ್ರವಾಗದು. 1940ರ ಟ್ರೇಡ್‌ಮಾರ್ಕ್ ಕಾಯ್ದೆಯಿಂದ ಈ ಕೊರತೆ ನೀಗಿತು. ಮುಂಬಯಿಯಲ್ಲಿ ನೋಂದಣಿ ಕಚೇರಿ ಬಂತು. ಆಮೇಲೆ 1958ರ ಕಾಯ್ದೆ, ಅದರ ಜಾಗದಲ್ಲಿ 2003ರ ಸೆಪ್ಟೆಂಬರ್ 15ರಿಂದ ಜಾರಿಗೆ ಬಂದ ಈಗಿನದು. ಈಗ ಒಮ್ಮೆ ನೋಂದಾಯಿಸಿದರೆ ಹತ್ತು ವರ್ಷ. ನವೀಕರಿಸುತ್ತ ಎಷ್ಟು ಕಾಲವಾದರೂ ಉಳಿಸಿಕೊಳ್ಳಬಹುದು. ನೋಂದಾಯಿಸದವನೂ ಬರಿಗೈಯವನಲ್ಲ. ಬೇರೊಬ್ಬ ತನ್ನ ಸರಕನ್ನು ಇವನದೆಂದು ನಂಬಿಸಿ ಮಾರಿದರೆ ‘ಪಾಸಿಂಗ್ ಆಫ್’ ದಾವೆ ಹೂಡುವ ಹಕ್ಕನ್ನು 27ನೇ ಕಲಂ ಉಳಿಸಿಕೊಟ್ಟಿದೆ.

ಗಿರಾಕಿಯ ನೆನಪನ್ನು ಅಳೆಯುವುದು ಹೇಗೆ? 1962ರ ಅಮೃತಧಾರಾ ಪ್ರಕರಣವನ್ನು ತುಸು ನಿಧಾನವಾಗಿ ಓದಬೇಕು. ಅಮೃತಧಾರಾ ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಲಾಹೋರಿನಲ್ಲಿ ಹುಟ್ಟಿ ಹೆಸರು ಮಾಡಿದ್ದ ಔಷಧ. 1923ರಿಂದ ಉತ್ತರಪ್ರದೇಶದಲ್ಲಿ ಮಾರಾಟವಾಗುತ್ತಿದ್ದ ಲಕ್ಷ್ಮಣಧಾರಾದ ಮಾಲೀಕರು 1950ರಲ್ಲಿ ನೋಂದಣಿ ಕೇಳಿದರು. ಒಂದು ಅಮೃತದ ಧಾರೆ, ಇನ್ನೊಂದು ಲಕ್ಷ್ಮಣನ ಧಾರೆ, ಗೊಂದಲವೆಲ್ಲಿ ಎಂದು ಅಲಹಾಬಾದ್ ಹೈಕೋರ್ಟ್ ಕೇಳಿತು. ಸುಪ್ರೀಂ ಕೋರ್ಟ್ ಈ ಪಾಂಡಿತ್ಯವನ್ನು ಒಪ್ಪಲಿಲ್ಲ. ಔಷಧ ಕೊಳ್ಳುವವರಲ್ಲಿ ಹಳ್ಳಿಗರಿದ್ದಾರೆ, ಪೇಟೆಯವರಿದ್ದಾರೆ, ಅಕ್ಷರಸ್ಥರಿದ್ದಾರೆ, ಅನಕ್ಷರಸ್ಥರಿದ್ದಾರೆ. ಸಾಧಾರಣ ಬುದ್ಧಿಯ, ಮಸುಕು ನೆನಪಿನ ಗಿರಾಕಿ ಸಮಾಸ ಬಿಡಿಸುತ್ತ ಕೂರುವುದಿಲ್ಲ, ಹೆಸರಿನ ಒಟ್ಟು ಸದ್ದನ್ನು ನೆಚ್ಚುತ್ತಾನೆ ಎಂದಿತು. ಹೆಸರುಗಳು ದಾರಿತಪ್ಪಿಸುವಷ್ಟು ಹತ್ತಿರವೆಂದು ತೀರ್ಮಾನವಾಯಿತು. ಆದರೂ ಅಮೃತಧಾರಾದವರು ಇಷ್ಟು ವರ್ಷ ಸುಮ್ಮನಿದ್ದುದನ್ನು ಗಣಿಸಿ, ಉತ್ತರಪ್ರದೇಶದ ಮಟ್ಟಿಗೆ ಲಕ್ಷ್ಮಣಧಾರಾಕ್ಕೆ ನೋಂದಣಿ ದೊರೆಯಿತು. ಹೆಸರಿನ ಹಕ್ಕಿಗೆ ರಾಜ್ಯದ ಗಡಿ ಹಾಕಿದ ಈ ತೀರ್ಪು ನನಗೆ ಜಾಣ ರಾಜಿಯಂತೆಯೇ ಕಾಣುತ್ತದೆ.

ಕರ್ನಾಟಕದ ಮಟ್ಟಿಗೆ ಇಂಥದೇ ಕಠಿಣ ಪರೀಕ್ಷೆ ಎದುರಾದದ್ದು ನಂದಿನಿಯ ವಿಷಯದಲ್ಲಿ. ಹಾಲು ಮಹಾಮಂಡಳ 1985ರಿಂದ ನಂದಿನಿ ಹೆಸರಿನಲ್ಲಿ ಮಾರುತ್ತಿದೆ. ಬೆಂಗಳೂರಿನ ನಂದಿನಿ ಡಿಲಕ್ಸ್ ಹೋಟೆಲು ಶುರುವಾದದ್ದು 1989ರಲ್ಲಿ. ಒಂದರ ಲಾಂಛನ ಹಸು, ಇನ್ನೊಂದರದು ದೀಪ. ಹೋಟೆಲಿಗೆ ಈ ಹೆಸರಿನ ನೋಂದಣಿ ಕೊಡಬಹುದೇ ಎಂಬ ವಿವಾದದಲ್ಲಿ ಮೇಲ್ಮನವಿ ಮಂಡಳಿ, ಹೈಕೋರ್ಟ್ ಎರಡೂ ಮಹಾಮಂಡಳದ ಪರ ನಿಂತವು. 2018ರ ಜುಲೈ 26ರಂದು ಸುಪ್ರೀಂ ಕೋರ್ಟ್ ಅದನ್ನು ತಿರುವಿ ಹಾಕಿತು. ಸದ್ದು ಒಂದೇ ಇರಬಹುದು, ಆದರೆ ನಂದಿನಿ ಪುರಾಣದ ಹಸುವಿನ, ದೇವಿಯ ಹೆಸರು, ಯಾರೂ ಹೊಸದಾಗಿ ಕಟ್ಟಿದ್ದಲ್ಲ. ನಾಲ್ಕೇ ವರ್ಷದಲ್ಲಿ ಅದು ಒಬ್ಬರದೇ ಆಗಿಬಿಡುವಷ್ಟು ಜನರ ಮನಸ್ಸಿನಲ್ಲಿ ನೆಲೆಯೂರಿತ್ತು ಎನ್ನಲಾಗದು. ನೋಟವೂ ಬೇರೆ, ಸರಕೂ ಬೇರೆ ಎಂಬುದು ಅದರ ತರ್ಕ. ಅಮೃತಧಾರಾಕ್ಕೂ ಇದಕ್ಕೂ ವಿರೋಧವಿದೆ ಎಂದು ನನಗನ್ನಿಸುವುದಿಲ್ಲ. ಅಲ್ಲಿ ಎದುರಾಳಿ ಬರುವ ಹೊತ್ತಿಗೆ ಸುಮಾರು ಎರಡು ದಶಕದ ನೆನಪು ಕೂಡಿತ್ತು, ಸರಕೂ ಒಂದೇ ಬಗೆಯದಾಗಿತ್ತು. ಇಲ್ಲಿ ಎರಡೂ ಇರಲಿಲ್ಲ. ಆದರೂ ಹಾಲಿನ ವಿಷಯ ಬಂದಾಗ ಕೋರ್ಟ್ ಗೆರೆ ಎಳೆಯಿತು. ಹೋಟೆಲಿಗೆ ಸಿಕ್ಕ ನೋಂದಣಿಯಿಂದ ಹಾಲು ಮತ್ತು ಹಾಲಿನ ಉತ್ಪನ್ನಗಳನ್ನು ಹೊರಗಿಡಲಾಯಿತು.